ಇಳಿಯುವ ಗಡಿಯಾರ

ಅವನ ಹೆಸರು ಪೆಲಾಯೊ.
ಹುಡುಗರು ಮೊದಲ ದಿನವೇ ಪೇಲವ ಮಾಡಿದರು.
ತಪ್ಪೇನಿಲ್ಲ, ಬಂದಿಳಿದಾಗ ಇದ್ದದ್ದೂ ಹಾಗೇ,
ನೆನೆಹಾಕಿದ ಅವಲಕ್ಕಿಯ ಬಣ್ಣ.
ಭದ್ರಾವತಿಯ ಬಿಸಿಲು ಹದಿನೈದೇ ದಿನದಲ್ಲಿ
ಹೆಸರಿನ ಅರ್ಥ ಕೆಡಿಸಿತು.

ನಾನು ರುದ್ರೋಜಿ. ಕಾರ್ಖಾನೆಯ ಸೈರನ್ ಒತ್ತುತ್ತಿದ್ದವನು,
ಇಪ್ಪತ್ತೊಂಬತ್ತು ವರ್ಷ.
ಊರು ಎದ್ದದ್ದು, ಉಂಡದ್ದು, ಹಾಲಿಗೆ ಹೆಪ್ಪು ಹಾಕಿದ್ದು
ಈ ಹೆಬ್ಬೆರಳ ಅಪ್ಪಣೆಗೆ.
ಕುಲುಮೆ ಆರಿದ ಮೇಲೆ ಉಳಿದ ಕೆಲಸ ಇಷ್ಟು:
ನ್ಯೂಟೌನ್ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು,
ಪಂದ್ಯದ ಹೊತ್ತು ನೋಡುವುದು.

ಮೂರು ತಿಂಗಳ ಕರಾರು ಅವನದು. ಸಂಬಳ ಕೇಳಬೇಡಿ.
ಊಟ ಗೋಲಿ ದೇವಸಹಾಯಂ ಮನೆಯಲ್ಲಿ,
ನಿದ್ದೆ ಸುಣ್ಣದ ಚೀಲಗಳ ಪಕ್ಕ.
ರಾತ್ರಿ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕುತ್ತ ಹೇಳುತ್ತಿದ್ದ,
ಅವನ ಇಂಗ್ಲಿಷು ಓಡುತ್ತಿತ್ತು, ನನ್ನದು ಕುಂಟುತ್ತಿತ್ತು:

ಸ್ಪೇನಿನ ಬಡಗಣ ಕಡಲು. ಅಲ್ಲೂ ಕಬ್ಬಿಣ, ಅಲ್ಲೂ ಕುಲುಮೆ,
ಅಪ್ಪ ಅದರ ಬಾಯಿಗೆ ಅದಿರು ಉಣಿಸುತ್ತಿದ್ದ.
ಇವನ ಹತ್ತೊಂಬತ್ತಕ್ಕೆ ಊರ ಕ್ಲಬ್ಬು ಕೈಬಿಟ್ಟಿತು.
ಒಂದೂವರೆ ಸಾಲಿನ ಕಾಗದ,
ಅರ್ಧ ಸಾಲು ಹಾರೈಕೆ.

ಆಮೇಲೆ ಒಹಾಯೊ.
ಕಾಲೇಜು ಫೀಸಿಗೆ ಎಡಗಾಲು ಅಡ.
ಬೆಳಿಗ್ಗೆ ಲೆಕ್ಕಶಾಸ್ತ್ರ, ಸಂಜೆ ಎಡಪಕ್ಕದ ಓಟ,
ಪರಊರ ಪಂದ್ಯಕ್ಕೆ ಹನ್ನೊಂದು ತಾಸು ಬಸ್ಸು,
ಮೊಣಕಾಲ ಮೇಲೆ ಪುಸ್ತಕ, ಪುಸ್ತಕದ ಮೇಲೆ ನಿದ್ದೆ.
ನಾಲ್ಕು ವರ್ಷ, ಅರವತ್ತೆರಡು ಪಂದ್ಯ, ಮೂರು ಗೋಲು.
ಅದರಲ್ಲೊಂದು ನಮ್ಮ ಗೋಲಿಗೇ, ಎಂದು ನಕ್ಕ.

"ಅಲ್ಲಿ ಗಡಿಯಾರ ಇಳಿಯುತ್ತದೆ, ರುದ್ರೋಜಿ.
ನಲವತ್ತೈದರಿಂದ ಸೊನ್ನೆಗೆ.
ಸೊನ್ನೆಗೆ ಸೈರನ್ ಕೂಗುತ್ತದೆ,
ಚೆಂಡು ಗೆರೆಯ ಮೇಲಿದ್ದರೂ ಮುಗಿಯಿತು.
ನಮ್ಮೂರಲ್ಲಾದರೆ ರೆಫರಿ ಕೈಗಡಿಯಾರ ನೋಡಿ
ಒಂದೆರಡು ನಿಮಿಷ ಕರುಣೆ ಸೇರಿಸುತ್ತಿದ್ದ."

ನಾನು ಸುಮ್ಮನಿದ್ದೆ.
ಕಡೆಯ ಶಿಫ್ಟಿನ ದಿನ ಗುಂಡಿಯ ಮೇಲೆ ಬೆರಳಿಟ್ಟು
ಎರಡು ನಿಮಿಷ ತಡ ಮಾಡಿದ್ದೆ.
ಯಾರಿಗೂ ಹೇಳಿಲ್ಲ. ಅವನಿಗೂ.

"ಒಂದು ಕಾನೂನು ಮಾತ್ರ ಅಲ್ಲಿಯದು ಚೆಂದ:
ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಬಹುದು."
ಮಾರನೆಯ ದಿನ ಹುಡುಗರಿಗೂ ಅದನ್ನೇ ಹೇಳಿದ.
"ಇದೇನು ಕಬಡ್ಡಿಯೇನ್ರೀ?" ಅಂದ ಜಬೀವುಲ್ಲಾ.
ಮೈದಾನವೆಲ್ಲ ನಕ್ಕಿತು. ಅವನಿಗೆ ಕಬಡ್ಡಿ ತಿಳಿಸಿಕೊಡಲು
ಅರ್ಧ ದಿನ ಹಿಡಿಯಿತು.

ಕಾಲೇಜಾದ ಮೇಲೆ ಕರೆದವರಿಲ್ಲ. ಫಿನ್ಲೆಂಡಿನಲ್ಲಿ ಎರಡು ಬೇಸಿಗೆ,
ಒಂದು ಮಂಡಿ. ಗೋವೆಯಲ್ಲಿ ಒಂದು ಇಡೀ ಮಳೆಗಾಲ ಬೆಂಚು.
ಆಮೇಲೆ ನಾವು.

ತರೀಕೆರೆಯವರ ಮೇಲೆ ಕೊನೆಯ ಪಂದ್ಯ.
ಅವನೇ ಇಳಿದ. ಅರವತ್ತನೇ ನಿಮಿಷ ಮಂಡಿ ಕೈಕೊಟ್ಟು
ನನ್ನ ಪಕ್ಕ ಬಂದು ಕೂತ, ಚಡ್ಡಿಗೆಲ್ಲ ಸುಣ್ಣ.
ಎರಡು ಒಂದರಲ್ಲಿ ನಾವು ಹಿಂದೆ.
ಎಂಬತ್ತೆಂಟರಲ್ಲಿ ಕಾರ್ನರು ಸಿಕ್ಕಿತು, ಎಡಗಾಲಿನ ಮೂಲೆ.
ಜಬೀವುಲ್ಲಾ ಎರಡೂ ಕೈಯೆತ್ತಿ ಕೂಗಿದ: "ಕಬಡ್ಡಿ! ಕಬಡ್ಡಿ!"
ತರೀಕೆರೆಯವರು ಮುಖ ಮುಖ ನೋಡಿದರು,
ಅವರ ನಾಯಕ ಮಾತ್ರ
ಬರಲಿ ಬಿಡ್ರಪ್ಪ, ಅಂದ.

ಕುಂಟುತ್ತ ಹೋದ. ಮೂಲೆ ತಲುಪುವಷ್ಟರಲ್ಲಿ
ಹೊತ್ತು ಮುಗಿದಿತ್ತು.
ರೆಫರಿ ನನ್ನತ್ತ ತಿರುಗಿದ.
ಗಡಿಯಾರ ನಿಂತಿದೆ ಸಾರ್, ಅಂದೆ.
ನಿಂತಿರಲಿಲ್ಲ.

ಚೆಂಡು ಬಾಗಿತು, ಎಲ್ಲರ ತಲೆ ದಾಟಿ
ದೂರದ ಕಂಬಕ್ಕೆ ಬಡಿಯಿತು.
ನಮ್ಮದೇ ಕುಲುಮೆಯ ಕಂಬ,
ಕ್ವಾರ್ಟರ್ಸಿನ ಕೊನೇ ಸಾಲಿನವರೆಗೂ ಕೇಳಿಸಿತು.
ಸೋತೆವು. ಆದರೂ ಆ ಸದ್ದಿಗೆ
ಯಾವುದೋ ಮನೆಯಲ್ಲಿ ಯಾರೋ
ಅಭ್ಯಾಸಬಲದಿಂದ ಎದ್ದು
ಹಾಲು ಇಳಿಸಿರಬೇಕು.